ಗಿರಿಜಕ್ಕನನ್ನು ಕೇಳದೆ ಹೋದ ಮಾತು

ಗಿರಿಜಕ್ಕ, ನಾನು ನಿಮ್ಮನ್ನು ಕೇಳಲೇ ಇಲ್ಲ. ಕೇಳಿದೆ, ಅವರು ಒಪ್ಪಲಿಲ್ಲ ಎಂದು ಧಣಿಗಳಿಗೆ ಹೇಳಿದ್ದು — ಹಸಿ ಸುಳ್ಳು.

ದರ್ಬೆಯ ಆ ಜವಳಿ ಅಂಗಡಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಸವಿ ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ಒಳಗೆ ಹೊಸ ಬಟ್ಟೆಯ ಗಂಜಿಯ ವಾಸನೆ, ಜಗಲಿಯಲ್ಲಿ ರವಕೆ ಹೊಲಿಯುವ ನಿಮ್ಮ ಮಿಷನ್ನಿನ ಸದ್ದು, ಲೆಕ್ಕ ಬರೆಯುತ್ತ ರೈಟರು ಎಂಬ ಹೆಸರಿನಲ್ಲಿ ಮೆರೆಯುತ್ತಿದ್ದ ನಾನು... ಎಂಥ ದಿನಗಳವು! ಧಣಿಗಳೂ ಅವರು ಕರೆತಂದ ಮೂವರು ಕೆಲಸದವರೂ ಘಟ್ಟದ ಮೇಲಿನವರು, ತುಳು ಒಂದಕ್ಷರ ಬಾರದು. ಕಡಬ, ಪಂಜದ ಕಡೆಯ ಹೆಂಗಸರು ಸೀರೆ ಮುಟ್ಟಿ ಏನೋ ಕೇಳಿ, ಉತ್ತರ ಸಿಗದೆ ಎದುರಿನ ಅಂಗಡಿಗೆ ನಡೆಯುತ್ತಿದ್ದರು. ಜಗಲಿಯಿಂದ ನೀವೇ ಎಷ್ಟೋ ಸಲ ಅವರನ್ನು ವಾಪಸು ಕರೆದದ್ದುಂಟು.

ಅದನ್ನು ನೋಡಿಯೇ ಧಣಿಗಳು ನನಗೆ ಹೇಳಿದ್ದು: "ಸಂಜೆ ಒಂದು ಗಂಟೆ ನಮಗೆಲ್ಲ ತುಳು ಕಲಿಸೋಕೆ ಆಯಮ್ಮನ್ನೇ ಕೇಳಿ ನೋಡಿ. ಸಂಬಳ ಕೊಡೋಣ."

ಆ ಕೆಲಸ ನಿಮಗೆಷ್ಟು ಬೇಕಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಿಮ್ಮ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ನೂಲು ಹಾಕಿಕೊಡುತ್ತಿದ್ದವನು ನಾನೇ. "ಈ ಹೊಲಿಗೆಯೂ ಹೋದ್ರೆ ನನಗೆ ಬೇರೆ ಎಂತ ಉಂಟು ರೈಟರ್ರೇ" ಎಂದಿದ್ದಿರಿ, ನಗುತ್ತಲೇ. ಆದರೂ — ನೀವು ಕುರ್ಚಿಯಲ್ಲಿ ಕುಳಿತು ಕಲಿಸುವುದು, ಎಲ್ಲರೂ ನಿಮ್ಮನ್ನು ಟೀಚರ್ ಎನ್ನುವುದು... ನನ್ನಿಂದ ಸಹಿಸಲಾಗಲಿಲ್ಲ. ನಿಮ್ಮದು ನಮ್ಮ ಅಂಗಳದಾಚೆಗಿನ ತುಳು, ಕಲಿಸುವುದಿದ್ದರೆ ನಮ್ಮ ಬ್ರಾಹ್ಮಣರ ತುಳುವನ್ನೇ ಕಲಿಸಬೇಕು ಎಂಬ ಅಹಂಕಾರ ಬೇರೆ. ನೀವು ಒಪ್ಪಲಿಲ್ಲವೆಂದು ಧಣಿಗಳಿಗೆ ಹೇಳಿ, ನಿವೃತ್ತ ಮಾಸ್ತರರಾಗಿದ್ದ ನನ್ನ ಸೋದರಮಾವನನ್ನು ಕರೆತಂದೆ.

ಎರಡು ತಿಂಗಳು ಪಾಠವಾಯಿತು. ಕೆಲಸದವರು ಬಾಯಿ ತೆರೆದದ್ದೇ ತಡ, ಗಿರಾಕಿಗಳು ಬಿದ್ದು ಬಿದ್ದು ನಕ್ಕರು. "ಇವರಿಗೆಲ್ಲ ಜನಿವಾರ ಹಾಕಿದ್ದು ಯಾವಾಗ ಮಾರಾಯ್ರೆ?" ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು. ಮಾವ ಮುನಿಸಿಕೊಂಡು ಬರುವುದನ್ನು ಬಿಟ್ಟರು. ಆಮೇಲೆ ಮಿಷನ್ ತುಳಿಯುತ್ತಲೇ ಕೆಲಸದವರ ಒಂದೊಂದು ಮಾತನ್ನೂ ತಿದ್ದಿದವರು ನೀವು, ಬಿಟ್ಟಿಯಾಗಿ. ಒಮ್ಮೆ ಒಲ್ಲೆನೆಂದವರನ್ನು ಮತ್ತೆ ಒತ್ತಾಯಿಸುವುದೇಕೆಂದು ಧಣಿಗಳು ಸುಮ್ಮನಾದರು.

ಮರುವರ್ಷ ನಿಮ್ಮ ಕಣ್ಣು ಪೂರ್ತಿ ಕೈಕೊಟ್ಟಿತು. ಮಿಷನ್ ಮಾರಿ ಕೊಯಿಲದ ತಮ್ಮನ ಮನೆಗೆ ಹೊರಟ ದಿನ, ಹೇಳಿಹೋಗಲು ಒಳಗೆ ಬಂದಿರಿ. ಧಣಿಗಳು ನೊಂದುಕೊಂಡರು. "ಅವತ್ತು ಪಾಠ ಹೇಳೋಕೆ ಒಪ್ಕೊಂಡಿದ್ರೆ ಇಲ್ಲೇ ಇರಬಹುದಿತ್ತಲ್ಲಮ್ಮ. ರೈಟರು ಕೇಳಿದಾಗ ಯಾಕೆ ಆಗಲ್ಲ ಅಂದ್ರಿ?"

ನೀವು ನನ್ನ ಕಡೆ ತಿರುಗಿದಿರಿ. ನನ್ನ ಮುಖ ನಿಮಗೆ ಕಾಣಿಸಿತೋ ಇಲ್ಲವೋ — ವಿಷಯ ಮಾತ್ರ ತಿಳಿದುಹೋಯಿತು.

"ಹೌದು ಧಣಿ," ಎಂದಿರಿ. "ರೈಟರ್ರು ಕೇಳಿದ್ರು. ನನಗೇ ಆಗ ಪುರುಸೊತ್ತು ಇರ್ಲಿಲ್ಲ."

ಇಲ್ಲ, ನಾನು ಕೇಳಿರಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ನಿಮ್ಮ ಗಂಟು ಹೊತ್ತು ಬಸ್ಸಿನವರೆಗೆ ಬಂದೆ. ದಾರಿಯುದ್ದಕ್ಕೂ ನೀವು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.