ರೋಗದ ಹುಳ ಆರಿಸುವ ಕೈ

ರೇಷ್ಮೆಹುಳಕ್ಕೆ ಸೊಪ್ಪು ಹಾಕಲು ಹೋದಾಗ ಹುಳದ ಮನೆಯ ಬಾಗಿಲಲ್ಲಿ ರಕ್ತದ ಹನಿ ಕಂಡಿತು. ನಮ್ಮ ಹೆಣ್ಣುನಾಯಿ ಅಲ್ಲೇ ಮಲಗುತ್ತಿತ್ತು. ಬೆದೆಗೆ ಬಂದಿದೆ ಎಂದುಕೊಂಡು ಸುಮ್ಮನಾದೆ. ತಿಂಗಳು ಕಳೆದರೂ ಹನಿ ನಿಲ್ಲಲಿಲ್ಲ. ಹಿಂಬದಿಯಲ್ಲಿ ಹೂಕೋಸಿನಂಥ ಕೆಂಪು ಗಡ್ಡೆ ಇಣುಕತೊಡಗಿದ ಮೇಲೆ ಯಳಂದೂರು ಮಗ್ಗುಲಿನ ನಮ್ಮೂರಿಂದ ಬೈಕಿನಲ್ಲಿ ಕೂರಿಸಿಕೊಂಡು ಕೊಳ್ಳೇಗಾಲದ ದನದ ಆಸ್ಪತ್ರೆಗೆ ಹೋದೆ.

ಡಾಕ್ಟರು ನೋಡಿ, "ಕ್ಯಾನ್ಸರ್" ಅಂದರು. ನನ್ನ ಕಿವಿ ಅಲ್ಲಿಗೇ ಮುಚ್ಚಿಹೋಯಿತು. ಆಮೇಲೆ ಅವರು ಐದು ನಿಮಿಷ ಏನೇನೋ ಹೇಳಿದರು, ಒಂದು ಚೀಟಿ ಬರೆದುಕೊಟ್ಟರು. ನಾನು ತಲೆಯಾಡಿಸಿದ್ದೇ ತಲೆಯಾಡಿಸಿದ್ದು. ಚೀಟಿ ಜೇಬಿಗಿಳಿಯಿತು, ಬಿಡಿಸಿ ನೋಡಲೂ ಇಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಹುಳ ಸಾಕುವ ತಟ್ಟೆಯಿಂದ ಹಾಲುರೋಗ ತಗುಲಿದ ಹುಳ ಆರಿಸಿ ಸುಣ್ಣದ ನೀರಿಗೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ.

"ರೋಗದ ಉಳನ ತಟ್ಟೇಲೇ ಮಡಿಕಂಡು ಬೆಳೆ ತಗ್ದೋರು ಇದಾರೇನ್ಲಾ? ನರಳುಸ್ಬ್ಯಾಡ. ಮುಗಿಸ್ಬುಡು."

ಕಟುಕ ಎಂದು ಅಪ್ಪನನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾನೂ ಅದನ್ನೇ ಯೋಚಿಸಿದ್ದೆ. ರೋಗ ಬಂದ ಹುಳಕ್ಕೆ ಚಿಕಿತ್ಸೆ ಎಂಬುದೇ ಇಲ್ಲ. ಕಂಡ ತಕ್ಷಣ ಆರಿಸಿ ಬಿಸಾಡಬೇಕು, ಇಲ್ಲದಿದ್ದರೆ ಮನೆಗೆ ಮನೆಯೇ ಹಾಳು. ಹುಟ್ಟಿದಾಗಿನಿಂದ ಆ ಕೆಲಸ ಮಾಡಿದ ಕೈಗೆ ಬೇರೆ ಏನು ತಾನೆ ಹೊಳೆಯುತ್ತೆ?

ಮೂರನೇ ದಿನ ನಾಯಿಗೆ ಹೊಟ್ಟೆತುಂಬ ಮೊಸರನ್ನ ಹಾಕಿ ಮತ್ತೆ ಕರೆದೊಯ್ದೆ. ಬೈಕ್ ಸವಾರಿ ಎಂದು ಅದಕ್ಕೋ ಸಂಭ್ರಮ. ಆಸ್ಪತ್ರೆಯ ಮೇಜಿನ ಮೇಲೆ ನಿಲ್ಲಿಸಿ, ಡಾಕ್ಟರ ಮುಖ ನೋಡದೆ ಹೇಳಿದೆ: "ಒಂದು ಸೂಜಿ ಆಕ್ಬುಡಿ ಸಾ. ನರಳ್ದಂಗೆ ಓಗ್ಲಿ."

"ಎಲ್ಲಿಗೆ ಹೋಗಬೇಕು?" ಅಂದರು ಅವರು. ಅರ್ಥವಾದಾಗ ಅವರ ಮುಖ ಕೆಂಪಾಯಿತು. "ಅಲ್ಲ ಕಣ್ರಿ, ಮೊನ್ನೆ ನಾನು ಬಡಕೊಂಡಿದ್ದು ಯಾರ ಹತ್ರ? ಇದು ವಾಸಿಯಾಗೋ ಗಡ್ಡೆ. ನಾಯಿ ನಾಯಿ ಕೂಡುವಾಗ ಅಂಟುತ್ತೆ. ವಾರಕ್ಕೊಂದು ಇಂಜೆಕ್ಷನ್, ನಾಲ್ಕೈದು ವಾರ. ಮುಕ್ಕಾಲುವಾಸಿ ನಾಯಿಗಳು ಗುಣ ಆಗ್ತವೆ. ಚೀಟಿ ಎಲ್ಲಿ?"

ಜೇಬಿನಿಂದ ತೆಗೆದೆ. ಮಡಿಕೆ ಮಡಿಕೆಯಾಗಿ ಹಾಗೇ ಇತ್ತು. ಡಾಕ್ಟರು ಒಂದು ಮಾತೂ ಆಡದೆ ನಾನು ಕೇಳಿದ ಸೂಜಿಯನ್ನೇ ಹಾಕಿಬಿಟ್ಟಿದ್ದರೆ? ಚೆನ್ನಾಗಿ ಸಾಯಿಸಿದೆ ಎಂಬ ಸಮಾಧಾನದಲ್ಲಿ ಮನೆಗೆ ಹೋಗಿ ಉಣ್ಣುತ್ತಿದ್ದೆ.

ಎದುರಿನ ಔಷಧಿ ಅಂಗಡಿಗೆ ಓಡಿ ಇಂಜೆಕ್ಷನ್ ತಂದೆ. "ಗಟ್ಟಿಯಾಗಿ ಹಿಡ್ಕೊಳ್ಳಿ, ಔಷಧಿ ನರದಿಂದ ಆಚೆ ಚೆಲ್ಲಬಾರದು" ಅಂದರು. ತಬ್ಬಿ ಹಿಡಿದೆ. ಮುದ್ದು ಮಾಡುತ್ತಿದ್ದೇನೆ ಎಂದುಕೊಂಡಿತೋ ಏನೋ, ಬಾಲ ಪಟಪಟ ಮೇಜಿಗೆ ಬಡಿಯುತ್ತಿತ್ತು. ಮುಂಗಾಲಿನ ನರಕ್ಕೆ ಔಷಧಿ ಇಳಿಸುತ್ತಲೇ ಡಾಕ್ಟರು ಕೇಳಿದರು: "ನಿಮ್ಮ ಮನೇಲಿ ಇದಕ್ಕೆ ಮುಂಚೆ ಯಾವ ನಾಯಿಗಾದ್ರೂ ಹಿಂಗಾಗಿತ್ತಾ?"

ಆಗಿತ್ತು. ಇದರ ತಾಯಿಗೆ. ಇದೇ ರಕ್ತ, ಇದೇ ಗಡ್ಡೆ. ಆಸ್ಪತ್ರೆಯ ಮಾತೇ ಏಳಲಿಲ್ಲ. ಬಿಳಿಗಿರಿರಂಗನ ಬೆಟ್ಟದ ರಸ್ತೆಯಲ್ಲಿ ನಾನೇ ಇಳಿಸಿ ಬಂದಿದ್ದೆ. ಅದು ಬೈಕಿನ ಹಿಂದೆ ಬಹಳ ದೂರ ಓಡಿ ಬಂದಿತ್ತು. ಕನ್ನಡಿಯಲ್ಲಿ ನೋಡಿಯೂ ನಾನು ವೇಗ ಹೆಚ್ಚಿಸಿದ್ದೆ.

"ಇಲ್ಲ ಸಾ" ಅಂದೆ.