ಮಾಮನ ತುಟಿ ಬರೆದ ದಿನಗಳು

ನಾನು ಬಾಯಿ ಬರೆಯುವವಳು. ಮರ, ಮನೆ, ಕೋಳಿ, ಮೋಡ ಎಲ್ಲವನ್ನೂ ಬರೆಯುತ್ತೇನೆ, ಆದರೆ ಕೆಲಸ ನನ್ನನ್ನು ಹುಡುಕಿಕೊಂಡು ಬರುವುದು ಬಾಯಿಗಾಗಿ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಮಕ್ಕಳ ಕಥೆಗಳಿಗೆ ಅನಿಮೇಶನ್ ಮಾಡುತ್ತೇನೆ. ಒಂದೇ ಕಥೆ ಕನ್ನಡದಲ್ಲೂ ಹೋಗುತ್ತದೆ, ತೆಲುಗಿನಲ್ಲೂ ಹೋಗುತ್ತದೆ. ನರಿ ಅದೇ, ಕಾಡು ಅದೇ. ಬಾಯಿ ಮಾತ್ರ ಎರಡು ಸಲ ಬರೆಯಬೇಕು.

ಪಾತ್ರವೊಂದು ಮಾತಾಡುವಾಗ ಪ್ರತಿ ಅಕ್ಷರಕ್ಕೂ ನಾವು ಹೊಸ ಬಾಯಿ ಬರೆಯುವುದಿಲ್ಲ. ‘ಆ’ಗೆ ತೆರೆದದ್ದು, ‘ಊ’ಗೆ ಗುಂಡಗಾದದ್ದು, ‘ಪ’, ‘ಬ’, ‘ಮ’ಗಳಿಗೆ ಮುಚ್ಚಿದ್ದು, ಹೀಗೆ ಕೆಲವನ್ನು ಬರೆದಿಟ್ಟುಕೊಂಡು ಧ್ವನಿಗೆ ತಕ್ಕಂತೆ ಒಂದರ ಹಿಂದೆ ಒಂದನ್ನು ಜೋಡಿಸುತ್ತೇವೆ. ನಾನು ಕಲಿಯುವಾಗ ಸಿಕ್ಕ ಬಾಯಿಗಳ ಹಾಳೆ ಇಂಗ್ಲಿಷ್ ಮಾತಿಗಾಗಿ ಮಾಡಿದ್ದು. ಅದನ್ನು ನಂಬಿ ನಾನು ಮಾಡಿದ ಮೊದಲ ಅಜ್ಜಿ ‘ಅಪ್ಪಾ, ಉಪ್ಪು ಹಾಕಪ್ಪಾ’ ಅಂದರೆ ಎಲೆ ಅಡಿಕೆ ಜಗಿಯುತ್ತಿದ್ದಂತೆ ಕಾಣುತ್ತಿತ್ತು. ನಮ್ಮ ‘ಪ್ಪ’ಕ್ಕೆ ತುಟಿ ಮುಚ್ಚಿ ಒಂದು ಗಳಿಗೆ ಹಾಗೇ ನಿಲ್ಲಬೇಕು, ಆ ಹಾಳೆಯಲ್ಲಿ ನಿಲ್ಲುವ ಬಾಯಿಯೇ ಇರಲಿಲ್ಲ. ಕನ್ನಡಿ ಎದುರು ಕೂತು, ನನ್ನ ಬಾಯನ್ನೇ ನೋಡಿ, ನನ್ನದೇ ಹಾಳೆ ಮಾಡಿಕೊಂಡೆ. ಆಮೇಲೆ ನನ್ನ ಪಾತ್ರಗಳು ಜಗಿಯುವುದನ್ನು ಬಿಟ್ಟು ಮಾತಾಡತೊಡಗಿದವು.

ಈ ವಿದ್ಯೆ ಕಥೆಯ ಹೊರಗೂ ಕೆಲಸಕ್ಕೆ ಬರುತ್ತದೆ ಅಂತ ನನಗೆ ಗೊತ್ತಾದದ್ದು ನನ್ನ ಮಾಮನಿಂದ.

ಮಾಮ ಅಂದರೆ ನಮ್ಮವ್ವನ ಅಣ್ಣ. ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದು ಅವರ ಕೆಲಸ. ಮೊದಲು ಕನ್ನಡದಲ್ಲಿ, ಆಂಧ್ರದ ಆದೋನಿ ಕಡೆಯ ಬಸ್ಸಾದರೆ ಅದರ ಹಿಂದೆಯೇ ತೆಲುಗಿನಲ್ಲಿ. ಭತ್ತದ ಸುಗ್ಗಿಯಲ್ಲಿ ಲಾರಿಗಳ ಹಾರ್ನಿನ ನಡುವೆಯೂ ಅವರ ದನಿ ರಸ್ತೆಯಾಚೆ ಕೇಳುತ್ತಿತ್ತು. ನಿವೃತ್ತಿಯಾದ ಮೇಲೆ ಹುಟ್ಟೂರು ಕುರುಗೋಡಿನಲ್ಲಿ ಅತ್ತೆಯ ಜೊತೆ ಇದ್ದರು. ಮಗಳು ಅದೇ ಊರಿನ ಸಾಲಿಯಲ್ಲಿ ಟೀಚರು, ಎದುರು ಓಣಿಯಲ್ಲೇ ಮನೆ.

ಒಂದು ಬೆಳಿಗ್ಗೆ ಚಹಾದ ಲೋಟ ಅವರ ಕೈಯಿಂದ ಜಾರಿತು. ಏನಾಯ್ತು ಅಂತ ಅತ್ತೆ ಕೇಳಿದರೆ ಉತ್ತರ ಬರಲಿಲ್ಲ. ಬಳ್ಳಾರಿಗೆ ಕರೆತಂದೆವು. ಆಸ್ಪತ್ರೆಯಲ್ಲಿ ಲಕ್ವ ಹೊಡೆದಿದೆ, ಜೀವಕ್ಕೆ ಅಪಾಯವಿಲ್ಲ ಅಂದರು. ಕಾಲು ಬೇಗ ಸುಧಾರಿಸಿತು, ಬಲಗೈ ಮೆಲ್ಲಗೆ ಸುಧಾರಿಸಿತು, ಮಾತು ಮಾತ್ರ ಬರಲಿಲ್ಲ. ಅಲ್ಲಿ ಮಾತಿನ ಚಿಕಿತ್ಸೆ ಕೊಡುವ ಮೇಡಂ ಒಬ್ಬರಿದ್ದರು, ನನಗಿಂತ ಚಿಕ್ಕ ವಯಸ್ಸಿನವರು. ಅವರು ನಮ್ಮನ್ನು ಕೂರಿಸಿ ಹೇಳಿದರು: “ಅವರಿಗೆ ಎಲ್ಲಾ ತಿಳೀತೈತ್ರಿ. ಹೇಳಬೇಕಾದ್ದು ತಲ್ಯಾಗ ಐತಿ. ಅದನ್ನ ಹೇಳಾಕ ತುಟಿ ಹೆಂಗ ಮಾಡಬೇಕು, ನಾಲಿಗಿ ಎಲ್ಲಿ ಇಡಬೇಕು, ಅದು ಮರ್ತುಹೋಗೈತಿ. ದಿನಾ ಕನ್ನಡಿ ಮುಂದ ಕುಂದ್ರಿಸಿ ಮಾಡಸ್ರಿ.” ಮಾಡಿಸಬೇಕಾದ್ದರ ಝೆರಾಕ್ಸ್ ಹಾಳೆಗಳನ್ನೂ ಕೊಟ್ಟರು.

ಮುಂದಿನ ವಾರ ಕುರುಗೋಡಿಗೆ ಹೋದಾಗ ಆ ಹಾಳೆಗಳು ಕಟ್ಟೆಯ ಕೆಳಗೆ ಬಿದ್ದಿದ್ದವು. ಮಾಮ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

“ಒಗದುಬಿಟ್ರವ್ವ,” ಅಂದರು ಅತ್ತೆ. “ಕನ್ನಡಿ ತಂದು ಹಿಡದ್ರ ಕಣ್ಣ ಮುಚ್ಚತಾರ. ನಾ ಏನ್ ಮಾಡ್ಲಿ?”

ಹಾಳೆ ಎತ್ತಿ ನೋಡಿದೆ. ಝೆರಾಕ್ಸಿನ ಝೆರಾಕ್ಸ್. ಲಿಪ್‌ಸ್ಟಿಕ್ ಹಚ್ಚಿದ ಯಾವುದೋ ಹೆಂಗಸಿನ ತುಟಿ, ಮುಖವಿಲ್ಲ, ಮೂಗಿಲ್ಲ, ಬರೀ ತುಟಿ, ಅದೂ ಮಸಿ ಮೆತ್ತಿಕೊಂಡಿತ್ತು. ಇದನ್ನು ನೋಡಿ ಮಾಮ ತಮ್ಮ ಬಾಯಿಯನ್ನು ಹೇಗೆ ತಿರುಗಿಸಬೇಕು? ನಾನು ಅನುಮಾನಿಸಲೇ ಇಲ್ಲ. ಇದು ನನ್ನ ಕೆಲಸ, ಇದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ಸುತ್ತಮುತ್ತ ಇಲ್ಲ ಅಂತ ನನಗೆ ಗೊತ್ತಿತ್ತು.

“ಮಾಮ, ಸ್ವಲ್ಪ ಈ ಕಡಿ ತಿರುಗ್ರಿ. ನಿಮ್ಮನ್ನ ಬರೀತೀನಿ,” ಅಂದೆ.

ಅವರು ತಿರುಗಲಿಲ್ಲ. ಪಕ್ಕದಿಂದಲೇ ಬರೆದೆ. ಅಗಲ ಹಣೆ, ದಪ್ಪ ಹುಬ್ಬು, ಕಿವಿಯ ತನಕ ತೀಡಿದ ಮೀಸೆ. ಎದುರಿನಿಂದ ಕಂಡ ಮುಖ ನನಗೆ ನೋಡದೆಯೂ ಬರುತ್ತಿತ್ತು; ಚಿಕ್ಕಂದಿನಿಂದ ಬರೆದ ಮುಖ ಅದು. ಬಳ್ಳಾರಿಗೆ ಬಂದು ಟ್ಯಾಬ್ಲೆಟ್ಟಿನಲ್ಲಿ ಆ ಮುಖವನ್ನು ಮಾತಾಡಿಸಿದೆ. ಧ್ವನಿ ನನ್ನದೇ, ದಪ್ಪ ಮಾಡಿದ್ದು. ಮಾತು ಒಂದೇ: ಕುರುಗೋಡು. ಅದನ್ನು ಆರಿಸಿದ್ದಕ್ಕೆ ಕಾರಣವಿತ್ತು. ಕು, ರು, ಗೋ, ಡು, ಮೊದಲಿಂದ ಕೊನೆಯವರೆಗೆ ತುಟಿ ಗುಂಡಗೇ ಇರುತ್ತದೆ, ಎಲ್ಲೂ ಮುಚ್ಚಬೇಕಾಗಿಲ್ಲ. ಬಾಯಿ ಕಲಿಯುವವರಿಗೆ ಇಷ್ಟು ಸಲೀಸಾದ ಊರು ಇನ್ನೊಂದಿಲ್ಲ.

ಟ್ಯಾಬ್ಲೆಟ್ ತೋರಿಸಿದಾಗ ಮಾಮ ಬಹಳ ಹೊತ್ತು ದಿಟ್ಟಿಸಿದರು. ಚಿತ್ರದ ಮಾಮ ‘ಕುರುಗೋಡು’ ಅಂದಾಗ ಮೀಸೆಯ ಎರಡೂ ತುದಿ ಕೋಳಿಯ ರೆಕ್ಕೆಯಂತೆ ಏಳುತ್ತಿದ್ದವು. ಅದನ್ನು ಸ್ವಲ್ಪ ಜಾಸ್ತಿಯೇ ಮಾಡಿದ್ದೆ. ಅವರ ಹೊಟ್ಟೆ ಅಲುಗಿತು, ಆಮೇಲೆ ಭುಜ ಅಲುಗಿತು, ಕೊನೆಗೆ ಗಂಟಲಿಂದ ನಗು ಬಂತು. ಬೆರಳಿನಿಂದ ತೋರಿಸಿದರು: ಇನ್ನೊಮ್ಮೆ. ಅಡುಗೆ ಮನೆಯಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಗೆದ್ದೆ ಅಂದುಕೊಂಡು ಅದನ್ನು ಮೇಡಂಗೆ ತೋರಿಸಿದೆ. ಅವರೂ ನಕ್ಕರು. ಆದರೆ ನಗು ನಿಲ್ಲಿಸಿ ಕೇಳಿದರು: “ಚಂದ ಐತ್ರಿ. ಆದರ ಮ್ಯಾಲಿನ ತುಟಿ ಎಲ್ಲೈತಿ?”

ಮೇಲ್ದುಟಿ ಇರಲಿಲ್ಲ. ಮೀಸೆಯ ಕೆಳಗೆ ಮುಚ್ಚಿಹೋಗಿತ್ತು. ನಾನು ಮೀಸೆಯನ್ನು ಕುಣಿಸಿದ್ದೆ, ತುಟಿಯನ್ನು ಬರೆದೇ ಇರಲಿಲ್ಲ. ಕನ್ನಡಿಯಲ್ಲೂ ಮಾಮನಿಗೆ ಕಾಣುತ್ತಿದ್ದುದು ಅಷ್ಟೇ. ಬಾಯಿ ಬರೆಯುವವಳಾಗಿ ನನಗೆ ಅದು ಮೊದಲೇ ಕಾಣಬೇಕಿತ್ತು. ಕಂಡ ಮೇಲೆ ಸುಮ್ಮನಿರಲಿಲ್ಲ. ಮೀಸೆಯಿಲ್ಲದ ಮಾಮನನ್ನು ಬರೆದುಕೊಂಡು ಕುರುಗೋಡಿಗೆ ಹೋದೆ.

ಅವರು ಒಂದು ಸಲ ನೋಡಿ ಟ್ಯಾಬ್ಲೆಟ್ಟನ್ನು ಮಗುಚಿ ಹಾಕಿದರು. ಎಡಗೈಯಿಂದ ಮೀಸೆ ಮುಟ್ಟಿಕೊಂಡರು.

“ಬ್ಯಾಡಬಿಡವ್ವ,” ಅಂದರು ಅತ್ತೆ ಪಿಸುದನಿಯಲ್ಲಿ. “ಮದುವಿ ಆದಾಗಿಂದ ಐತಿ ಅದು.”

ನಾನು ಮಾಮನ ಎದುರಿಗೆ ಕೂತೆ. “ಮಾಮ, ನಾ ಸುಳ್ಳ ಹೇಳಾಂಗಿಲ್ಲ. ನೀವು ನಿಮ್ಮ ತುಟಿ ನೋಡಬೇಕು. ಅದು ಕಂಡ್ರ ನಾ ದಾರಿ ತೋರಸ್ತೀನಿ. ಕಾಣದಿದ್ರ ನನ್ನ ಚಿತ್ರ ಬರೇ ನಗಾಕ ಅಷ್ಟ. ಮೀಸಿ ಮತ್ತ ಬರತೈತಿ. ಮಾತು ಬರಬೇಕಂದ್ರ ಈಗ ದುಡೀಬೇಕು.”

ಅಷ್ಟು ಹೇಳಿ ನಾನು ಬಸ್ಸು ಹತ್ತಿ ಬಂದುಬಿಟ್ಟೆ. ಎರಡು ದಿನ ಬಿಟ್ಟು ಅತ್ತೆಯ ಫೋನು: “ಲಗೂನ ಬಾ. ಕಟಿಂಗ್ ಮಾಡೋರನ್ನ ಕರಸ್ಯಾರ.”

ಹೋಗುವಷ್ಟರಲ್ಲಿ ಅಂಗಳದಲ್ಲಿ ಕುರ್ಚಿ ಹಾಕಿಯಾಗಿತ್ತು. ಕಟಿಂಗ್ ಶಾಪಿನವರು ಮಾಮನ ವಯಸ್ಸಿನವರೇ, ಆ ಮೀಸೆಯನ್ನು ವರ್ಷಗಟ್ಟಲೆ ಕತ್ತರಿಸಿ ತೀಡಿದವರು. ಕತ್ತಿ ಹಿಡಿದು ನಿಂತೇ ಇದ್ದರು. “ಖರೇನ ತೆಗೀಲೇನ್ರಿ?” ಅಂತ ಮತ್ತೆ ಮತ್ತೆ ಕೇಳಿದರು. ಮಾಮ ಕತ್ತು ಆಡಿಸಿದರು, ಕೊನೆಗೆ ಕುರ್ಚಿಯ ಕೈಗೆ ಗುದ್ದಿದರು.

ಮೀಸೆ ಹೋಯಿತು. ಅತ್ತೆ ಹತ್ತಿರ ಬಂದು, ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. “ಅಯ್ಯ, ಇದು ನಿಮ್ಮ ತಂಗಿ ಬಾಯಿ ಐತಲ್ರೀ!” ಅಂದರು. ಆಮೇಲೆ ನನ್ನನ್ನು ನೋಡಿದರು. “ನಿಂದೂ ಇದ ಬಾಯಿ.”

ಹೌದು, ಅದೇ ಬಾಯಿ. ಮೇಲ್ದುಟಿಯ ನಡುವೆ ಸಣ್ಣ ಏರು, ಎಡಗಡೆ ಚೂರು ಇಳಿಜಾರು. ಅವ್ವನಿಂದ ನನಗೆ ಬಂದದ್ದು. ಕನ್ನಡಿಯಲ್ಲಿ ನೋಡಿ ನೋಡಿ ನಾನು ಬರೆದಿಟ್ಟುಕೊಂಡಿದ್ದ ತುಟಿ. ನನಗೆ ಹೊಸದಾಗಿ ಕಲಿಯಬೇಕಾದ್ದು ಏನೂ ಇರಲಿಲ್ಲ. ಬರೀ ಗಂಡಸಿನ ಮುಖಕ್ಕೆ ಹೊಂದಿಸಬೇಕಿತ್ತು. ಅವತ್ತೇ ಅಂಗಳದಲ್ಲಿ ಕೂತು ಹೊಸ ಹಾಳೆ ಮುಗಿಸಿದೆ.

ಪಾಠಕ್ಕೆ ಮಾಮನ ಬಸ್ಸುಗಳನ್ನೇ ಇಟ್ಟುಕೊಂಡೆ. ಜೀವಮಾನವೆಲ್ಲ ಕೂಗಿದ ಹೆಸರುಗಳು, ನಾಲಿಗೆ ಮರೆತರೂ ಎಲ್ಲೋ ಉಳಿದಿರುತ್ತವೆ ಅನ್ನಿಸಿತು. ಮೇಡಂ ಕೂಡ ಸರಿ ಅಂದರು. ಕುರುಗೋಡು ಮೊದಲು ‘ಊ ಊ ಓ ಊ’ ಆಗಿ ಬಂತು; ಕ, ರ, ಗ, ಡಗಳು ಬರಲು ದಿನ ಹಿಡಿಯಿತು. ಆಮೇಲೆ ಸಿರುಗುಪ್ಪ ಹತ್ತಿರದ ರಾರಾವಿ ಅನ್ನುವ ಊರು. ಬಾಯಿ ಪೂರ್ತಿ ತೆರೆದು, ಇನ್ನೊಮ್ಮೆ ತೆರೆದು, ಕೊನೆಗೆ ‘ವಿ’ಗೆ ಕೆಳದುಟಿ ಹಲ್ಲಿನ ಹತ್ತಿರ ಹೋಗಬೇಕು. ಮಾಮನಿಗೆ ಮೊದಲ ಎರಡು ಅಕ್ಷರ ಸ್ಪಷ್ಟವಾಗಿ ಬಂದವು, ಮೂರನೆಯದು ಬರಲಿಲ್ಲ. “ರಾ... ರಾ...” ಅಂದರು, ದನಿ ಎತ್ತರಿಸಿ. ನಮ್ಮತ್ತೆ ಆದೋನಿ ಕಡೆಯವರು, ತೆಲುಗು ಮನೆಯ ಮಾತು. ಬಾ ಬಾ ಅಂತ ತೆಲುಗಿನಲ್ಲಿ ತಮ್ಮನ್ನೇ ಕರೆಯುತ್ತಿದ್ದಾರೆ ಅಂದುಕೊಂಡು ಹಿಟ್ಟಿನ ಕೈಯಲ್ಲೇ ಓಡಿಬಂದರು.

“ಬಂದೆ, ಬಂದೆ! ಏನ್ ಬೇಕ್ರಿ?”

ಮಾಮ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ನಿಜ ಹೇಳಲು ಮಾತಿಲ್ಲ. ಖಾಲಿಯಾಗಿದ್ದ ಚಹಾದ ಲೋಟ ತೋರಿಸಿದರು. ಆವತ್ತಿನಿಂದ ಅತ್ತೆಯನ್ನು ಕರೆಯಲು ಅದೇ ಮಾತಾಯಿತು. ರಾರಾವಿ ಪೂರ್ತಿ ಬಂದ ಮೇಲೂ ಅದನ್ನು ಬಿಡಲಿಲ್ಲ.

ಎಲ್ಲದಕ್ಕಿಂತ ಹೆಚ್ಚು ಕಾಡಿದ್ದು ಸಿರುಗುಪ್ಪ. ಅವರು ದುಡಿದ ಊರು. ‘ಸಿ’ಗೆ ತುಟಿ ಅಗಲ, ‘ರು’, ‘ಗು’ಗೆ ಗುಂಡಗೆ, ‘ಪ್ಪ’ಕ್ಕೆ ಮುಚ್ಚಿ, ನಿಂತು, ಬಿಡಬೇಕು. ಬಾಯಿಯ ಎಲ್ಲ ಕೆಲಸವೂ ಒಂದೇ ಹೆಸರಿನಲ್ಲಿ ಇದೆ. ಮಾಮ ನಡುವೆಯೇ ಸಿಕ್ಕಿಕೊಳ್ಳುತ್ತಿದ್ದರು, ಕೆನ್ನೆ ಕೆಂಪಾಗುತ್ತಿತ್ತು, ಎದ್ದು ಹೋಗುತ್ತಿದ್ದರು. ನಾನು ಚಿತ್ರದ ವೇಗ ಇಳಿಸಿದೆ. ಇನ್ನೂ ಇಳಿಸಿದೆ. ಚಿತ್ರದ ಮಾಮ ಆಕಳಿಸುವವರಂತೆ ಕಂಡರು, ಕೂತ ಮಾಮ ಅದನ್ನು ನೋಡಿ ತಾವೂ ಆಕಳಿಸಿದರು.

ತಪ್ಪು ಎಲ್ಲಿದೆ ಅಂತ ಹುಡುಕುವುದು ನನ್ನ ವೃತ್ತಿಯ ಅರ್ಧ ಕೆಲಸ. ಎಲ್ಲವನ್ನೂ ಸಮಸಮವಾಗಿ ನಿಧಾನ ಮಾಡಿದ್ದೇ ತಪ್ಪು. ಮಾತನ್ನು ಎಳೆದು ಆಡುವವರು ಸ್ವರವನ್ನು ಎಳೆಯುತ್ತಾರೆ, ತುಟಿಯನ್ನು ಮಾತ್ರ ಚಟ್ಟನೆ ಮುಚ್ಚುತ್ತಾರೆ. ಹಾಗೇ ಬದಲಿಸಿದೆ. ಇನ್ನೊಂದನ್ನೂ ಸೇರಿಸಿದೆ. ನನ್ನ ಕಥೆಗಳಲ್ಲಿ ಮೊಲ ಜಿಗಿಯುವ ಮುಂಚೆ ಮೈ ಕುಗ್ಗಿಸುತ್ತದೆ. ಕುಗ್ಗಿಸದಿದ್ದರೆ ಜಿಗಿತವನ್ನು ಕಣ್ಣು ನಂಬುವುದಿಲ್ಲ. ತುಟಿಗೂ ಹಾಗೇ. ಮುಚ್ಚುವ ಮೊದಲು ಕೆನ್ನೆ ಬಿಗಿಯಾಗುತ್ತದೆ, ಹುಬ್ಬು ಚೂರು ಏಳುತ್ತದೆ. ಅದನ್ನು ಬರೆದ ಮೇಲೆ ಈಗ ತುಟಿ ಮುಚ್ಚುತ್ತದೆ ಅಂತ ನೋಡುವವರಿಗೆ ಮೊದಲೇ ಗೊತ್ತಾಗುತ್ತಿತ್ತು, ತಯಾರಾಗಲು ಸಮಯ ಸಿಗುತ್ತಿತ್ತು.

ಮಾಮ ಹೊಸ ಚಿತ್ರ ನೋಡಿದರು. ಹುಬ್ಬು ಎತ್ತಿದರು. “ಸೀ... ರು... ಗು...” ಕೆನ್ನೆ ಬಿಗಿಯಾಯಿತು, ತುಟಿ ಮುಚ್ಚಿತು, ನಿಂತಿತು. ನಾನೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೆ.

“ಪ್ಪ.”

ಅಂದವರೇ ಅಂಗೈಯಿಂದ ತೊಡೆ ಬಡಿದುಕೊಂಡರು. ಮತ್ತೆ ಅಂದರು. ಸಂಜೆವರೆಗೂ ಅಂಗಳದಲ್ಲಿ ಅಡ್ಡಾಡುತ್ತ ಅದೊಂದನ್ನೇ ಅಂದರು. ಎದುರು ಓಣಿಯಿಂದ ಮಗಳು ಬಂದು “ಅಪ್ಪಾ, ಇನ್ನ ಸಾಕ್ ಮಾಡ್ರಿ, ಗಂಟಲ ನೋಯ್ತೈತಿ” ಅಂದರೆ, ಅವಳಿಗೂ ಅದನ್ನೇ ಅಂದರು.

ಚಳಿ ಕಳೆದ ಮೇಲೆ ಅವರಿಗೆ ಸಿರುಗುಪ್ಪಕ್ಕೆ ಹೋಗಿಬರುವ ಆಸೆಯಾಯಿತು. ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಾಲುವೆಯ ನೀರು, ಹಸಿರು ಗದ್ದೆ. ಮಾಮ ಕಿಟಕಿಗೆ ಮುಖ ಹಚ್ಚಿ ಪ್ರತಿ ಸ್ಟಾಪಿನ ಹೆಸರನ್ನೂ ಒಳಗೊಳಗೇ ಹೇಳಿಕೊಳ್ಳುತ್ತಿದ್ದರು. ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಹಿಂದೆ ಬೇರೆ ಕಂಟ್ರೋಲರ್ ಇದ್ದರು, ಮೀಸೆಯಿಲ್ಲದ ಮಾಮನ ಗುರುತು ಅವರಿಗೆ ಹತ್ತಲಿಲ್ಲ. ನನಗೆ ಕೆಡುಕೆನಿಸಿತು. ಮಾಮ ಬೇಸರಪಟ್ಟುಕೊಳ್ಳದೆ ಬೆಂಚಿನ ಮೇಲೆ ಕೂತು ಬಸ್ಸುಗಳನ್ನು ನೋಡುತ್ತಿದ್ದರು.

ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮ ಮುಂದೆ ನಿಂತಳು. “ಅಣ್ಣಾರ, ರಾರಾವಿ ಬಸ್ ಎಲ್ಲಿ ನಿಂದ್ರತೈತ್ರಿ?”

ನಾನು ಬಾಯಿ ತೆರೆದೆ. ಮಾಮ ನನ್ನ ಮೊಣಕೈ ಹಿಡಿದು ತಡೆದರು. ಹುಬ್ಬು ಏರಿತು.

“ರಾ...ರಾವಿ. ಅ...ಲ್ಲಿ. ಕೊ...ನೀಗೆ.”

“ಕೊನೀಗೇನ್ರಿ? ಆತು ಬಿಡ್ರಿ,” ಅಂದವಳೇ ಬುಟ್ಟಿ ಸರಿಮಾಡಿಕೊಂಡು ಕೊನೆಯ ಬಸ್ಸಿನತ್ತ ನಡೆದಳು. ಅವಳಿಗೆ ಆ ಉತ್ತರದಲ್ಲಿ ವಿಶೇಷ ಏನೂ ಕಾಣಲಿಲ್ಲ. ಅವಳು ಹತ್ತಿದ್ದನ್ನು ನೋಡುವ ತನಕ ಮಾಮ ನನ್ನ ಮೊಣಕೈ ಬಿಡಲಿಲ್ಲ. ಅವರಿಗಾಗಿ ಬರೆಯಲು ನಾನು ಪಟ್ಟ ಪಾಡೆಲ್ಲ ಆ ಹಿಡಿತದಲ್ಲಿ ತೀರಿಹೋಯಿತು.

ಈಗಲೂ ಮಾಮ ಉದ್ದುದ್ದ ಮಾತಾಡುವುದಿಲ್ಲ. ‘ನೀರು’ ಅನ್ನಬೇಕಾದಾಗ ಒಮ್ಮೊಮ್ಮೆ ‘ಬೇರು’ ಅನ್ನುತ್ತಾರೆ. ಅತ್ತೆಯ ಜೊತೆ ಜಗಳಕ್ಕೆ ಅವರಿಗೆ ಒಂದೆರಡು ಮಾತು ಸಾಕು, ಅದರಲ್ಲೇ ಗೆಲ್ಲುತ್ತಾರೆ. ಪೂರ್ತಿ ವಾಸಿಯಾಯಿತು ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೇಡಂ ಕಲಿಸಿದರು, ಮಾಮ ದುಡಿದರು, ನಾನು ಬರೆದೆ.

ಆದರೆ ಮೇಡಂ ನನ್ನನ್ನು ಬಿಡಲಿಲ್ಲ. ಮಾತು ಕಳೆದುಕೊಂಡ ಇನ್ನೊಬ್ಬರು ಬಂದಿದ್ದಾರೆ, ಅವರಿಗೂ ಮಾಡಿಕೊಡಿ ಅಂದರು. ಮಾಮನ ಚಿತ್ರವನ್ನೇ ಅವರಿಗೂ ಕೊಡಬಹುದಲ್ಲ ಅಂತ ಕೇಳಿದವರಿಗೆ ನಾನು ಆಗದು ಅಂದೆ. ಯಾರ ಬಾಯಿಯೋ ಅವರದೇ ಮುಖದಲ್ಲಿ ಇರಬೇಕು. ಈ ಮಾತಿನಲ್ಲಿ ನಾನು ಗಟ್ಟಿ.

ಹೋದ ತಿಂಗಳು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ದುಡಿಯುತ್ತಿದ್ದ ಹಿರಿಯ ಹೆಂಗಸೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ಬಸ್ಸುಗಳ ಹೆಸರು ಯಾಕೆ ಬೇಕು? ದಿನಾ ಏನು ಹೆಚ್ಚು ಅನ್ನುತ್ತಿದ್ದರು ಅಂತ ಸೊಸೆಯನ್ನು ಕೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಬೈಯೋದ ಹೆಚ್ಚರಿ. ಎಲ್ಲಾರಿಗೂ ‘ಹೋಗಲೇ’ ಅಂತಿದ್ರು.”

‘ಹೋ’ಗೆ ತುಟಿ ಗುಂಡಗೆ, ‘ಲೇ’ಗೆ ಅಗಲ, ಎಲ್ಲೂ ಮುಚ್ಚುವುದಿಲ್ಲ. ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಅಂದೆ. ಆ ಹೆಂಗಸಿನ ಕಣ್ಣು ಅಗಲವಾಯಿತು, ಸೊಸೆಯ ಕಡೆ ಹೊರಳಿತು. ನಾನು ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಬರೆಯಲು ಶುರು ಮಾಡಿದೆ.