ಬಾಗಿಲಿಲ್ಲದ ಊರು

ಎಡಗೈಯಲ್ಲಿ ಬಸಿ, ಬಲಗೈ ಖಾಲಿ. ನನ್ನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಅವರು ಯಾವಾಗಲೂ ಹಾಗೇ ಕೂಡುತ್ತಿದ್ದರು. ಚಹಾವನ್ನು ಬಸಿಗೆ ಸುರುವಿಕೊಂಡು, ಊದದೆ, ಗಟಗಟ ಒಳಗೆ ಬಿಡುವುದು. ಬಲಗೈ ಮೊಣಕಾಲಿನ ಮೇಲೆ ಬೆರಳು ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಸ್ಪಿರಿಟ್ ತಾಕಿ ತಾಕಿ ಆ ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಸಿಪ್ಪೆ ಏಳುತ್ತಿತ್ತು. ಕಟ್ಟೆಯ ಆ ತುದಿಗೆ ಅವರ ಗಾಡಿಯ ಡ್ರೈವರು, ಈ ತುದಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತ ನನ್ನ ಸೋದರತ್ತಿ, ಬಾಗಿಲಿಗೆ ಆತುಕೊಂಡು ಮೈತುಂಬ ಹಿಟ್ಟು ಬಳಿದುಕೊಂಡ ನಾನು. ಎದುರಿಗೆ ಸರಕಾರಿ ಆಸ್ಪತ್ರೆಯ ಬೇವಿನ ಗಿಡ, ಅದರ ನೆರಳಿಗೆ ಅವರ ಅಂಬ್ಯುಲೆನ್ಸು.

ಗಾಡಿಯಲ್ಲಿ ಪೇಶಂಟಿನ ಆರೈಕೆ ಮಾಡುವವರೆಂದು ಊರವರು ಅವರನ್ನು ಡಾಕ್ಟರೇ ಅನ್ನುತ್ತಿದ್ದರು. "ನಾ ಡಾಕ್ಟರ್ ಅಲ್ರಿ, ಡಾಕ್ಟರ್ ತನಕಾ ಮುಟ್ಟಸಾವ" ಅಂತ ಅವರು ತಿದ್ದುತ್ತಿದ್ದರು. ನಾವು ಮನೆಯವರು ಮಾತ್ರ ಗಾಡಿ ಅಣ್ಣಾರು ಅಂತಿದ್ದೆವು. ಕುಂದಗೋಳ ಕಡೆಯ ಯರಗುಪ್ಪಿಯವರು. ನವಲಗುಂದ ತಾಲೂಕಿನ ನಮ್ಮ ಊರಿಗೆ ಗಾಡಿಯ ಜೊತೆಗೇ ಬಂದವರು.

ಫೋನು ಬಂತೆಂದರೆ ಬಸಿ ಕೆಳಗಿಟ್ಟು ಎದ್ದು ಹೊರಟೇಬಿಡುವರು, ಒಂದು ಮಾತಿಲ್ಲ. ಅತ್ತಿಗೆ ಅದು ಸರಿಬರುತ್ತಿರಲಿಲ್ಲ.

"ಏ ತಮ್ಮಾ, ಮನಿಯಿಂದ ಎದ್ದು ಹೋಗಾವ ಬರ್ತೇನಿ ಅನ್ನಬೇಕಪ್ಪಾ. ಏನ್ ನಿಮ್ಮ ಅವ್ವ ಕಲಿಸಿಲ್ಲ?"

"ಕಲಿಸ್ಯಾಳ ಯವ್ವಾ. ಆದ್ರ ನಾ ಬರ್ತೇನಿ ಅಂದ್ರ ಮಂದಿ ಅಂಜತಾರ."

ಡ್ರೈವರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದ. ಅತ್ತಿ ಮೊರದ ಜೋಳ ಎರಡು ಸಲ ಜೋರಾಗಿ ಕೇರಿದಳು.

ರಾಜಕೀಯದ ಬಗ್ಗೆ ಅವರದೇ ಒಂದು ನಿಲುವಿತ್ತು. ಇಲೆಕ್ಷನ್ ಕಾಲದಲ್ಲಿ ಒಂದು ಪಕ್ಷದ ಹುಡುಗರು ಬಂದು, ನಮ್ಮ ಲೀಡರ್ ಮೆರವಣಿಗೆ ಐತಿ, ಹಿಂದ ನಿಮ್ಮ ಗಾಡಿ ಇರಲಿ, ವಜನ ಬರತೈತಿ ಅಂದರು. ಇವರು ಕೂತಲ್ಲಿಂದ ಏಳದೆ ಹೇಳಿದರು: "ನಿಮ್ಮ ಲೀಡರ್‌ಗೆ ಎದಿನೋವು ಬಂದ್ರ ಫೋನ್ ಹಚ್ಚರಿ, ಹಾಜರ್ ಆಗ್ತೇನಿ. ಅಲ್ಲೀತನಕಾ ಅವರು ಆರಾಮ ಇರಲಿ, ನಾನೂ ಆರಾಮ ಇರ್ತೇನಿ." ಹುಡುಗರು ಬೈದುಕೊಳ್ಳುತ್ತ ಹೋದರು. ಹೋದ ಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಪಕ್ಷದಾವರೂ ನನ್ನ ಗಾಡ್ಯಾಗ ಮಲಗ್ಯಾರ. ಮಲಗಿದ ಮ್ಯಾಲೆ ಎಲ್ಲಾರೂ ಕೇಳೂದು ಒಂದ ಮಾತು. ಇನ್ನ ಎಷ್ಟ ದೂರ ಐತ್ರಿ ಅಂತ. ಆ ದೂರ ಕಡಿಮಿ ಮಾಡಾವ ಯಾವನರೇ ಇದ್ರ ಹೇಳು, ಅವಗ ನನ್ನ ಓಟು" ಅಂದರು.

ಇನ್ನೊಂದು ವಿಷಯದಲ್ಲಿ ಮಾತ್ರ ಅವರು ನಗುತ್ತಿರಲಿಲ್ಲ. ಅದು ತಮ್ಮ ಜೀವದ ಜೋಕೆ. ಎಲ್ಲಿಗೆ ಹೋದರೂ ಮೊದಲು ನಿಂತು ಮೇಲೆ ನೋಡಬೇಕು, ಕರೆಂಟಿನ ತಂತಿ ಹರಿದಿದೆಯೇ ಅಂತ. ಆಮೇಲೆ ಕೆಳಗೆ, ಆಮೇಲೆ ಬಾಜೂಕೆ. ಎಲ್ಲ ಮುಗಿದ ಮೇಲೆ ಪೇಶಂಟು. ಹೊಲದ ಪಂಪ್‌ಸೆಟ್ಟಿನ ಹತ್ತಿರ ಒಮ್ಮೆ ಹೀಗೆ ನಿಂತದ್ದಕ್ಕೆ ಪೇಶಂಟಿನ ಕಡೆಯವರ ಕೈಲಿ ಪೆಟ್ಟೂ ತಿಂದಿದ್ದರು. "ಬಡೀಲಿ ಬಿಡು. ನಾ ಅಲ್ಲೇ ಬಿದ್ರ ಪೇಶಂಟ್ ಇಬ್ಬರು, ಗಾಡಿ ಒಂದ" ಅನ್ನುತ್ತಿದ್ದರು. ಈ ನಿಲ್ಲುವುದು ಏನು ಅಂತ ನನಗೆ ಅವತ್ತು ತಿಳಿದಿರಲಿಲ್ಲ. ಆಮೇಲೆ ತಿಳಿಯಿತು.

ಅದನ್ನು ಹೇಳುವ ಮೊದಲು ನಮ್ಮ ಊರಿನ ಕಥೆ ಸ್ವಲ್ಪ ಹೇಳಬೇಕು. ಬೆಣ್ಣಿಹಳ್ಳ ಉಕ್ಕಿ ಊರು ಮುಳುಗಿದ ಮೇಲೆ ಎತ್ತರದ ಜಾಗದಲ್ಲಿ ಸರಕಾರದವರು ಸಾಲುಮನೆ ಕಟ್ಟಿಸಿ ಕೊಟ್ಟರು. ನಾವೆಲ್ಲ ಅಲ್ಲಿಗೆ ಬಂದೆವು. ಬರುವಾಗ ಹಳೆಯ ಮನೆಗಳ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಬಂಡಿಯ ಮೇಲೆ ಹೇರಿಕೊಂಡು ಬಂದೆವು. ಸಾಗವಾನಿ ಬಾಗಿಲು ಯಾರು ಬಿಡುತ್ತಾರೆ? ಹಾಗಾಗಿ ಹಳ್ಳದ ದಂಡೆಯಲ್ಲಿ ಬಾಗಿಲೇ ಇಲ್ಲದ ಕರಿಮಣ್ಣಿನ ಗೋಡೆಗಳು ಓಣಿ ಓಣಿಯಾಗಿ ನಿಂತುಕೊಂಡವು. ಮಧ್ಯಾಹ್ನದ ಹೊತ್ತು ಅಲ್ಲಿ ಒಬ್ಬರೇ ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತವೆ. ಆಡು ಮೇಯಿಸುವವರೂ ಆ ಓಣಿಗಳಿಗೆ ಇಳಿಯುವುದಿಲ್ಲ, ಹೊರಗಿನಿಂದಲೇ ಕಲ್ಲು ಒಗೆದು ಆಡು ಕರೆಯುತ್ತಾರೆ.

ಇಲ್ಲಿ ಒಂದು ಮಾತಿನ ತೊಡಕು ಹುಟ್ಟಿಕೊಂಡಿತು. ಹೊಸ ಜಾಗಕ್ಕೆ ಹಿರಿಯರು ಇವತ್ತಿಗೂ ಪ್ಲಾಟು ಅನ್ನುತ್ತಾರೆ. ಊರು ಅಂದರೆ ಅವರಿಗೆ ಹಳ್ಳದ ದಂಡೆಯದು. ಹುಡುಗರಿಗೆ ಪ್ಲಾಟೇ ಊರು, ಆ ಕಡೆಯದು ಹಳೇ ಊರು.

ಗಾಡಿ ಅಣ್ಣಾರು ಬಂದ ಹೊಸತರಲ್ಲಿ ಎದೆನೋವು ಅಂತ ಒಂದು ಫೋನು ಬಂತು. ಎಲ್ಲಿ ಅಂದರೆ "ಊರಾಗ" ಅಂದ ಮುದುಕ, ಫೋನು ಕಟ್ಟಾಯಿತು. ಇವರು ಸೈರನ್ ಹಾಕಿಕೊಂಡು ಪ್ಲಾಟಿನ ಓಣಿ ಓಣಿ ಸುತ್ತಿದರು. ಮಂದಿ ಬಾಗಿಲಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕ ಇದ್ದದ್ದು ಹಳೆಯ ಊರಿನ ತನ್ನ ದನದ ಕೊಟ್ಟಿಗೆಯಲ್ಲಿ. ಹುಡುಕಿ ಹೋಗುವಷ್ಟರಲ್ಲಿ ಮುಗಿದಿತ್ತು. "ಹಳ್ಳದ ಮ್ಯಾಲೆ ಗಾಳಿ ಇಲ್ಲಿಂದ ಅಲ್ಲಿಗೆ ಬೀಸತೈತಿ. ನಮ್ಮ ಸೈರನ್ ಅವಗ ಕಡೀತನಕಾ ಕೇಳೇತಿ" ಅಂತ ಅವರು ಒಮ್ಮೆ ನನಗೆ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಅವತ್ತಿನಿಂದ ನಮ್ಮ ಊರಿನ ಹೆಸರು ಕೇಳಿದೊಡನೆ ಅವರ ಮೊದಲ ಪ್ರಶ್ನೆ ಬದಲಾಯಿತು. "ಬಾಗಲಾ ಇರೂ ಊರೋ, ಬಾಗಲಾ ಇಲ್ಲದ ಊರೋ?" ಹೊರಗಿನವರು ಕೇಳಿದರೆ ಹುಚ್ಚು ಅಂದುಕೊಳ್ಳಬೇಕು. ನಮ್ಮವರಿಗೆ ತಟ್ಟನೆ ತಿಳಿಯುತ್ತಿತ್ತು.

ನನ್ನ ಅತ್ತಿಯೂ ಊರು ಅಂದರೆ ಹಳ್ಳದ ಕಡೆ ಕೈ ಮಾಡುವವಳೇ. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನ ಅವ್ವ ಹೋದಳು. ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದವಳು ಈ ಅತ್ತಿ, ನನಗೆ ಮಾತು ಕಲಿಸಿದವಳೂ ಅವಳೇ. ಸೋಮವಾರ ಬಂದರೆ ಬುಟ್ಟಿಯಲ್ಲಿ ಎಣ್ಣೆಬತ್ತಿ ಇಟ್ಟುಕೊಂಡು ಹಳೆಯ ಮನೆಗೆ ಹೋಗಿ, ಕಸ ಹೊಡೆದು, ಗೋಡೆಯ ಮಾಡದಲ್ಲಿ ದೀಪ ಇಟ್ಟು ಬರುವಳು. ಬೇಡ ಅಂದರೆ, "ಮನಿ ಅಷ್ಟ ಬಿಟ್ಟೇವಿ, ಮನಿ ದೇವರನ್ನ ಬಿಡೂಣೇನು?" ಅನ್ನುವಳು.

ಆ ಸೋಮವಾರ ಬಿಸಿಲು ಬೆಂಕಿ. ಕರೆಂಟು ಹೋಗಿ ಗಿರಣಿ ನಿಂತಿತ್ತು. ಗಿರಣಿ ನಿಂತಾಗ ಕಿವಿಯಲ್ಲಿ ಒಂದು ಥರದ ಗುಂಯ್ ಉಳಿಯುತ್ತದೆ, ಅದೊಂದೇ ಸಪ್ಪಳ. ಅತ್ತಿ ಕೂಡುವ ಜಾಗ ಖಾಲಿ. ಅಣ್ಣಾರ ಫೋನು ರಿಂಗಾಯಿತು. ನಮ್ಮದೇ ಊರಿನ ಹೆಸರು ಹೇಳಿ, ಹಾವು ಕಡಿದಿದೆ, ಇದು ನಂಬರು ಅಂದರು ಅಂಬ್ಯುಲೆನ್ಸ್ ಕಂಟ್ರೋಲ್ ರೂಮಿನವರು. ಅಣ್ಣಾರು ಆ ನಂಬರಿಗೆ ತಿರುಗಿ ಹಚ್ಚಿ ತಮ್ಮ ಪ್ರಶ್ನೆ ಕೇಳಿದರು. ಉತ್ತರ ಕೇಳಿ ಅವರ ಹುಬ್ಬು ಗಂಟಾಯಿತು. ಫೋನು ಇಳಿಸಿ ಓಣಿಯ ಉದ್ದಕ್ಕೂ ನೋಡಿದರು.

"ಯಾವ ಊರಂತ್ರಿ?" ಅಂದ ಡ್ರೈವರು.

"ಒಬ್ಬಾಕಿ ಹೆಣ್ಣಮಗಳು. 'ನಮ್ಮೂರಿಗೆ ಬಾಗಲಾ ಐತ್ರಿ, ಎಲ್ಲಾ ತೆರದಾವು, ಲಗೂ ಬರ್ರಿ' ಅಂದ್ಲು."

"ಹಂಗಾರ ಇದ ಊರು. ಯಾವ ಮನಿ?"

ಅಣ್ಣಾರು ಅಲ್ಲಾಡಲಿಲ್ಲ. "ನೋಡಲೇ. ಬಿಸಲಿಗೆ ಇಲ್ಲಿ ಒಂದರೇ ಬಾಗಲಾ ತೆರದೈತೇನು?"

ನಾವೂ ನೋಡಿದೆವು. ಸಾಲುಮನೆಗಳ ಬಾಗಿಲು ಆ ತುದಿಯಿಂದ ಈ ತುದಿಯವರೆಗೆ ಮುಚ್ಚಿದ್ದವು. ಅಣ್ಣಾರು ನನ್ನನ್ನು ಕೇಳಿದರು, "ಆ ಕಡೆ ಇವತ್ತ ಯಾರ ಹೋಗ್ಯಾರ?"

ನಾನು ಕಟ್ಟೆಯ ಖಾಲಿ ತುದಿ ನೋಡಿದೆ. "ಅತ್ತಿ" ಅಂದೆ.

ಗಾಡಿ ಹೊಲದ ದಾರಿಗೆ ಬಿದ್ದು ಎಗರುತ್ತ ಹೋಯಿತು. ಹಳೆಯ ಊರಿನ ಬಾಯಿಗೆ ನಿಂತಾಗ ಸೈರನ್ ಆರಿಸಿದರೂ ಗೋಡೆಗಳ ನಡುವೆ ಅದು ಇನ್ನೂ ಸ್ವಲ್ಪ ಹೊತ್ತು ಸುಳಿದಾಡಿತು. ನಮ್ಮ ಮನೆಯ ಅಂಗಳದಲ್ಲಿ ಕಸಬರಿಗೆ ಬಿದ್ದಿತ್ತು. ಒಳಗೆ, ಮಾಡದಲ್ಲಿ ದೀಪ ಉರಿಯುತ್ತಿತ್ತು. ಅದರ ಕೆಳಗೆ ಅತ್ತಿ ಮಗ್ಗಲಾಗಿ ಬಿದ್ದಿದ್ದಳು. ಸೆರಗು ಜರಿದಿತ್ತು. ರೆಪ್ಪೆ ಅರ್ಧ ಇಳಿದಿತ್ತು.

ನಾನು ನುಗ್ಗಿದೆ. ಅಣ್ಣಾರು ನನ್ನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದರು.

"ನಿಲ್ಲು."

"ಬಿಡ್ರೀ! ನಮ್ಮ ಅತ್ತಿ ಸಾಯಾಕ ಹತ್ಯಾಳ!"

"ಹಾವು ಒಳಗ ಐತೋ ಹೊರಗ ಐತೋ ಗೊತ್ತಿಲ್ಲ. ನಿಲ್ಲಂದ್ನಿಲ್ಲ?"

ನಾನು ಆಡಬಾರದ ಮಾತೆಲ್ಲ ಆಡಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮೇಲೆ ನೋಡಿದರು. ಕೆಳಗೆ ನೋಡಿದರು. ಡ್ರೈವರ್ ಕೊಟ್ಟ ಬಡಿಗೆಯಿಂದ ನೆಲ ಕುಟ್ಟಿದರು. ಒಲೆಯ ಬೂದಿಯ ಗುಂಡಿಯಿಂದ ಅದು ಹೊರಬಂತು. ನಾನು ಕಾಲಿಡಲಿದ್ದ ಜಾಗದ ಮೇಲೆಯೇ ಹಾದು, ಅವಸರವಿಲ್ಲದೆ, ಬಾಗಿಲಿಲ್ಲದ ಬಾಗಿಲಿನಿಂದ ಹಿತ್ತಲಿಗೆ ಇಳಿದು ಹೋಯಿತು. ಆಮೇಲೆ ಅಣ್ಣಾರು ಒಳಗೆ ಹೋದರು. ಅವರು ಅಷ್ಟು ಜೋರಾಗಿ ಓಡಬಲ್ಲರು ಅಂತ ನಾನು ಅವತ್ತೇ ನೋಡಿದ್ದು.

ಗಾಡಿಯಲ್ಲಿ ಅತ್ತಿಯ ಉಸಿರು ತಡವರಿಸಿ, ನಿಂತೇಹೋಯಿತು. ಅಣ್ಣಾರು ಅವಳ ಮೂಗುಬಾಯಿಗೆ ರಬ್ಬರಿನ ಚೀಲ ಒತ್ತಿ ಹಿಡಿದು, ಅದನ್ನು ಒತ್ತುತ್ತ ಬಿಡುತ್ತ ಅವಳ ಬದಲು ತಾವೇ ಉಸಿರಾಡಿಸಿದರು. ನಮ್ಮ ಊರಿನ ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇರಲಿಲ್ಲ, ನವಲಗುಂದದಲ್ಲಿ ಅದನ್ನು ಶುರುಮಾಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯವರೆಗೂ ಆ ಸಿಪ್ಪೆ ಎದ್ದ ಕೈ ನಿಲ್ಲಲಿಲ್ಲ. "ಮಾತಾಡ್ಸು, ಆಕಿ ಕೂಡ ಮಾತಾಡು" ಅಂತ ನನಗೆ ಗದರುತ್ತಿದ್ದರು. ಏನು ಮಾತಾಡಲಿ? "ಅತ್ತೀ, ನಾ ಅದೀನಿ, ನಾ ಅದೀನಿ" ಅಂತ ದಾರಿಯುದ್ದಕ್ಕೂ ಅದೊಂದನ್ನೇ ಅಂದೆ.

ಅತ್ತಿ ಉಳಿದಳು. ಮನೆಗೆ ಬಂದ ಮೇಲೆ ಫೋನ್ ಹೆಂಗ ಹಚ್ಚಿದೀ ಅಂತ ಕೇಳಿದೆ. ಅವಳು ನನ್ನನ್ನು ದಡ್ಡನಂತೆ ನೋಡಿದಳು.

"ನನಗ ಬಂದ ಫೋನ್ ಎತ್ತಾಕ ಬರತೈತಿ, ಹಚ್ಚಾಕ ಎಲ್ಲಿ ಬರತೈತಿ? ದೀಪಾ ಹಚ್ಚಿದೆ, ಕಾಲಿಗೆ ಚುಚ್ಚಿತು. ಅಷ್ಟ ಗೊತ್ತು."

ಆದರೆ ಕಂಟ್ರೋಲಿನವರು ಕೊಟ್ಟ ನಂಬರು ಅವಳದೇ. ಅವಳ ಫೋನು ಸೊಂಟದ ಎಲಿ-ಅಡಿಕಿ ಸಂಚಿಯೊಳಗಿತ್ತು. ಗಾಡಿಯಲ್ಲಿ ಅದನ್ನು ಬಿಚ್ಚಿ ತೆಗೆದವನು ನಾನೇ. ಸಂಚಿಯ ದಾರ ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು.

ಇದನ್ನು ಅಣ್ಣಾರಿಗೆ ಹೇಳಿದೆ. ಡ್ರೈವರು ನೀರು ತರಲು ಹೋಗುವುದನ್ನು ಕಾದು ಅವರು ಮೆಲ್ಲಗೆ ಅಂದರು:

"ವಿಷ ಏರಿದಾಗ ಮಾಡಿದ್ದು ಮಂದೀಗೆ ನೆನಪಿರೂದಿಲ್ಲ. ಆಕೀನ ಹಚ್ಚಿರಬೇಕು. ಹಂಗಂತ ಇಟ್ಕೊ."

"ನೀವು ಹಂಗ ಇಟ್ಕೊಂಡೀರೇನು?"

ಅವರು ಬಸಿ ತಿರುಗಿಸುತ್ತ ಕೂತರು. "ದನಿ ನಿಮ್ಮ ಅತ್ತೀದಲ್ಲ. ಆಕಿ ನಾಲಗಿ ಆಗಲೇ ತೊದಲಾಕ ಹತ್ತಿರಬೇಕು. ಇದು ಚೊಲೋ ದನಿ. ಆ ದನೀ ಹಿಂದ ಯಾರೋ ರೊಟ್ಟಿ ಬಡ್ಯಾಕ ಹತ್ತಿದ್ರು. ಒಬ್ಬರಲ್ಲ, ಮನಿಮನಿಯಾಗೂ. ಎತ್ತಿನ ಗಂಟಿ ಕೇಳಸ್ತು. ಒಂದ ಕೂಸು ಅಳತಿತ್ತು." ನನ್ನ ತೋಳಿನ ಕೂದಲು ನಿಮಿರಿದ್ದು ನೋಡಿ ಕೈಯಿಂದ ಅದನ್ನು ತಟ್ಟಿದರು. "ನಾ ನಂಬೂ ಪೈಕಿ ಅಲ್ಲ. ಆದ್ರ ಕೇಳಿದ್ದನ್ನ ಕೇಳೇ ಇಲ್ಲ ಅನ್ನೂದು ನಮ್ಮ ನೌಕರ್ಯಾಗ ನಡೆಯೂದಿಲ್ಲ. ಕರದ್ರು, ಹೋದ್ವಿ. ಯಾರ ಕರದ್ರು ಅಂತ ಕೇಳಕೋತ ಕುಂತ್ರ ಗಾಡಿ ಹೊಂಡೂದಿಲ್ಲ. ಡ್ರೈವರ್‌ಗೆ ಮಾತ್ರ ಹೇಳಬ್ಯಾಡಪಾ. ಮಗಾ ಆ ದಾರಿ ಬಿಟ್ಟಾನು."

ನಾನು ಹೇಳಲಿಲ್ಲ. ಅತ್ತಿಗೂ ಹೇಳಲಿಲ್ಲ. ಅವಳು ಸೋಮವಾರ ತಪ್ಪಿಸಲಿಲ್ಲ, ನಾನು ಜೊತೆಗೆ ಹೋಗಿ ನೆಲ ಕುಟ್ಟಿ ಅವಳನ್ನು ಒಳಗೆ ಬಿಡುತ್ತಿದ್ದೆ, ಅಷ್ಟೆ.

ಮುಂದಿನ ವರ್ಷ ಕಡಲೆ ಸುಗ್ಗಿಯಲ್ಲಿ ಅಣ್ಣಾರು ರಜೆ ಹಾಕಿ ಯರಗುಪ್ಪಿಗೆ ಹೋದರು. ಹೊಲದಲ್ಲಿ ಕಡಲೆ ಕೀಳುತ್ತ ಸುಸ್ತಾಯಿತು ಅಂತ ಬದುವಿನ ಮೇಲೆ ಕೂತವರು ಏಳಲಿಲ್ಲ. ಡ್ರೈವರು ನನ್ನ ಗಿರಣಿಗೆ ಬಂದು ಬೆಲ್ಟಿನ ಸಪ್ಪಳದಲ್ಲಿ ನಿಂತೇ ಇದ್ದ. ನಾನು ಮೋಟಾರು ಬಂದುಮಾಡಿದ ಮೇಲೆ ಹೇಳಿದ. ನನ್ನನ್ನು ಸಾಕಿದವಳು ಇನ್ನೂ ನನ್ನ ಕಣ್ಣೆದುರಿಗೆ ಜೋಳ ಕೇರುತ್ತಿದ್ದಾಳೆ ಅಂದರೆ ಅದು ಆ ಮನುಷ್ಯನ ಕೆಲಸ. ಆ ಋಣ ತೀರಿಸಲು ನನ್ನ ಹತ್ತಿರ ಏನೂ ಇಲ್ಲ.

ಅತ್ತಿ ಅಳಲಿಲ್ಲ. ಒಲೆಯ ಮುಂದೆ ಹೋಗಿ ಅನ್ನಕ್ಕಿಟ್ಟಳು, ಸಾರು ಮಾಡಿದಳು, ಡಬ್ಬಿ ಕಟ್ಟಿದಳು. ಬಸ್ಸು ಬದಲಿಸಿ ಯರಗುಪ್ಪಿಗೆ ಮುಟ್ಟಿದಾಗ ಮಣ್ಣು ಮಾಡಿ ಬಂದು ಮಂದಿ ಕೂತಿದ್ದರು. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅವರ ಹೆಂಡತಿ ನಡುಮನೆಯಲ್ಲಿ ಗೋಡೆಗೆ ಆತು ಕೂತಿದ್ದರು. ನೀರೂ ಮುಟ್ಟಿಲ್ಲ ಅಂದರು ಹೆಣ್ಣುಮಕ್ಕಳು. ಅತ್ತಿ ಹೋಗಿ ಎದುರಿಗೆ ಕೂತು ಡಬ್ಬಿ ಬಿಚ್ಚಿದಳು.

"ನೀವು ಯಾರ ಪೈಕಿ ರೀ?" ಅಂದರು ಆಕೆ.

ನಮ್ಮಲ್ಲಿ ಇದಕ್ಕೆ ಸಂಬಂಧದ ಹೆಸರಿಲ್ಲ. ಅತ್ತಿ ಡಬ್ಬಿಯಲ್ಲೇ ಅನ್ನ-ಸಾರು ಕಲಸಿ, ತುತ್ತು ಮಾಡಿ, ಕೈ ಮುಂದೆ ಚಾಚಿದಳು.

"ನಾ ನಿನಗ ಉಣ್ಣಸಾಕ ಬಂದೇನಿ, ಯವ್ವಾ" ಅಂದಳು.

ಬಹಳ ಹೊತ್ತು ಆ ಕೈ ಹಾಗೇ ಇತ್ತು. ಆಮೇಲೆ ಆಕೆ ಉಂಡರು.